ಎಡ ಅಂಚಿನಲ್ಲಿ ನಿಂತವಳು

ಹಳೆಯ ಸಿನಿಮಾವನ್ನು ಒಬ್ಬಳೇ ಕುಳಿತು ನೋಡಿ ವಿಮರ್ಶೆ ಬರೆಯುವುದೆಂದರೆ ಅಡುಗೆಯ ವಾಸನೆ ನೋಡಿ ರುಚಿ ಹೇಳಿದ ಹಾಗೆ ಎಂದು ಎವೆಲಿಯಾ ಬಾರಗಾನ್ ನಂಬಿದ್ದಳು. ಹೊಸ ಸಿನಿಮಾಗಳನ್ನು ಅವಳು ಮೊರೇಲಿಯಾದ ಥಿಯೇಟರುಗಳಲ್ಲಿ ಒಂಟಿಯಾಗಿಯೇ ನೋಡುತ್ತಿದ್ದಳು. ಆದರೆ ಡಿಸೆಂಬರ್ ಬಂತೆಂದರೆ ಪತ್ರಿಕೆಯಲ್ಲಿ ‘ರಜೆಯ ಕ್ಯಾಸೆಟ್ಟು’ ಎಂಬ ಅವಳ ಅಂಕಣ ಶುರುವಾಗುತ್ತಿತ್ತು. ಹೊಸದಾಗಿ ವಿಡಿಯೋ ಕ್ಯಾಸೆಟ್ಟಿಗೆ ಬಂದ ಹಳೆಯ ಚಿತ್ರಗಳಲ್ಲಿ ಯಾವುದನ್ನು ಹಬ್ಬಕ್ಕೆ ಮನೆಗೆ ತರಬೇಕು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು ಎಂದು ಅವಳು ಹೇಳುತ್ತಿದ್ದಳು, ಜನ ಕೇಳುತ್ತಿದ್ದರು. ಆ ಸಿನಿಮಾಗಳನ್ನು ನೋಡಲು ಅವಳಿಗೆ ಇಡೀ ಸಂಸಾರ ಬೇಕು, ಅದೂ ಬಾಯ್ತುಂಬ ತಿನ್ನುತ್ತಾ ಕುಳಿತಿರಬೇಕು. ಎಲ್ಲಿ ಎಲ್ಲರೂ ಅಗಿಯುವುದನ್ನು ನಿಲ್ಲಿಸುತ್ತಾರೋ ಅಲ್ಲಿ ಸಿನಿಮಾ ಇದೆ ಎಂಬುದು ಅವಳ ಲೆಕ್ಕ. ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ ಎಂದು ಅವಳು ಎದೆ ತಟ್ಟಿ ಹೇಳುತ್ತಿದ್ದಳು. ಅನುಮಾನ ಎಂಬ ಸರಕನ್ನು ದೇವರು ಅವಳ ಪಾಲಿಗೆ ಕೊಟ್ಟೇ ಇರಲಿಲ್ಲ.

ತೊಂಬತ್ತಮೂರನೆಯ ಇಸವಿಯ ಕ್ರಿಸ್‌ಮಸ್ ದಿನ ಮಧ್ಯಾಹ್ನ, ಪಾತ್ಸ್ಕ್ವಾರೊದಲ್ಲಿ ಚಿಕ್ಕಪ್ಪ ಎರಿಬೆರ್ತೊನ ಮನೆಯಲ್ಲಿ ಹಿಂದಿನ ರಾತ್ರಿಯದೆಲ್ಲ ಬಿಸಿಯಾಗಿ ಮತ್ತೆ ಮೇಜಿಗೆ ಬಂದಿತ್ತು. ಒಣಮೀನಿನ ಬಕಲಾವ್ ಎರಡನೆಯ ದಿನವೇ ಹೆಚ್ಚು ರುಚಿ, ಅದರಲ್ಲಿ ಯಾರಿಗೂ ಎರಡು ಮಾತಿಲ್ಲ. ಹಣ್ಣಿನ ಬಿಸಿ ಪಾನಕ ಪೊಂಚೆ ಒಲೆಯ ಮೇಲೆ ಕುದಿಯುತ್ತಿತ್ತು. ಎರಿಬೆರ್ತೊ ಟಿವಿ ಮಾರುವವನು. ಊರಿನ ಅರ್ಧ ಮನೆಗಳ ಟಿವಿಗಳು ಅವನ ಅಂಗಡಿಯವು, ಅವುಗಳಲ್ಲೆಲ್ಲ ದೊಡ್ಡದು ಅವನ ಮನೆಯಲ್ಲಿತ್ತು.

“ಏನಮ್ಮಾ ಎವೆಲಿಯಾ, ಈ ಸಲ ಯಾವ ಹಳೇ ಹೆಣ ಹೊತ್ಕೊಂಡು ಬಂದೆ?” ಎಂದ ಅವನು.

“ಕುದುರೆ ಮೇಲಿನ ಹೆಣ ಚಿಕ್ಕಪ್ಪ. ನಿಮ್ಮೂರಲ್ಲೇ ತೆಗೆದದ್ದು. ‘ಹರಾಕ್ವಾರೊ ಸವಾರ’.”

ಎಲ್ಲರ ಕಣ್ಣೂ ಒಟ್ಟಿಗೆ ಕೂಕಾಳ ಕಡೆ ತಿರುಗಿದವು. ಕೂಕಾ ಎವೆಲಿಯಾಳ ದೊಡ್ಡಮ್ಮ, ತಾಯಿಯ ಅಕ್ಕ. ಮದುವೆಯಾಗದೆ, ಯಾರಿಗೂ ತಲೆಬಾಗದೆ, ಕಲ್ಲಿನ ಮೇಲೆ ಕೋಕೋ ಅರೆದು ಚಾಕೊಲೇಟ್ ಬಿಲ್ಲೆ ಮಾಡಿ ಮಾರುತ್ತಾ ಬದುಕಿದವಳು. ಅವಳಿಗೆ ಇಪ್ಪತ್ತೆರಡಾಗಿದ್ದಾಗ ರಾಜಧಾನಿಯಿಂದ ಸಿನಿಮಾದವರು ಬಂದು ಚಿಕ್ಕ ಚೌಕದ ಕಾರಂಜಿಯ ಬಳಿ ಈ ಚಿತ್ರದ ಒಂದು ಹಾಡು ತೆಗೆದಿದ್ದರು. ನೀರಿಗೆ ಬಂದ ಹೆಂಗಸರಲ್ಲಿ ಒಬ್ಬಳಾಗಿ ಅವಳು ಎರಡು ದಿನ ಕೊಡ ಹೊತ್ತು ನಿಂತಿದ್ದಳು. ವಿಷಯ ತಿಳಿದ ಅಪ್ಪ ಮನೆಯ ಮಾನ ಹೋಯಿತೆಂದು ಕೂಗಾಡಿ, ಚಿತ್ರ ಊರಿಗೆ ಬಂದಾಗ ಅವಳು ಥಿಯೇಟರಿನ ಬೀದಿಗೂ ಕಾಲಿಡದಂತೆ ನೋಡಿಕೊಂಡ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಚಿತ್ರವೂ ಥಿಯೇಟರುಗಳಿಂದ ಹೋಗಿತ್ತು. ಆಮೇಲೆ ಟಿವಿಯಲ್ಲಿ ಎಷ್ಟೋ ಸಲ ಬಂತು. ಹಾಡು ಇತ್ತು, ಕಾರಂಜಿ ಇತ್ತು, ಕೂಕಾ ಮಾತ್ರ ಇರಲಿಲ್ಲ. “ಎಡಗಡೆ ಈ ಕಂಬದ ಪಕ್ಕದಲ್ಲಿ, ಇನ್ನೊಂಚೂರು ಆಚೆ ನಾನಿದ್ದೆ” ಎಂದು ಅವಳು ಪ್ರತಿ ಸಲ ಹೇಳುವುದು, ಎರಿಬೆರ್ತೊ ಪ್ರತಿ ಸಲ ಎದ್ದು ಹೋಗಿ ಟಿವಿಯ ಹಿಂದೆ ಇಣುಕಿ ಹುಡುಕುವುದು, ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುವುದು, ಇದು ಆ ಮನೆಯ ವಾಡಿಕೆಯಾಗಿಬಿಟ್ಟಿತ್ತು.

ಅವತ್ತೂ ಹಾಡು ಬಂತು. ಎರಿಬೆರ್ತೊ ಬಕಲಾವಿನ ತಟ್ಟೆ ಕೆಳಗಿಟ್ಟು, ಟಾರ್ಚ್ ಹಿಡಿದುಕೊಂಡೇ ಎದ್ದ.

“ಕೂಕಾ! ಏ ಕೂಕಾ! ಈ ವೈರುಗಳ ಮಧ್ಯೆ ಎಲ್ಲಾದ್ರೂ ಇದ್ದೀಯೇನೇ? ಕರೆಂಟ್ ಹೊಡೆದೀತು, ಹುಷಾರು!”

ಮಕ್ಕಳು ನೆಲಕ್ಕೆ ಉರುಳಿ ನಕ್ಕರು. ಹೀಗೆ ಅಂದಾಗಲೆಲ್ಲ ಎರಡು ಪಟ್ಟು ತಿರುಗಿಸಿ ಕೊಡುತ್ತಿದ್ದ ಕೂಕಾ ಅವತ್ತು ತನ್ನ ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಎವೆಲಿಯಾಗೆ ಅದು ಸರಿ ಕಾಣಲಿಲ್ಲ. ಕುದುರೆ ಸವಾರರ ಸಿನಿಮಾ ಎಂದರೆ ಮೂಗು ಮುರಿಯುವವಳು ಅವಳು, ಈ ಚಿತ್ರವನ್ನು ಗಮನ ಕೊಟ್ಟು ನೋಡಿದ್ದು ಇದೇ ಮೊದಲು. ಕ್ಯಾಸೆಟ್ ಹಿಂದಕ್ಕೆ ಓಡಿಸಿ ಹಾಡನ್ನು ಮತ್ತೆ ಹಾಕಿದಳು. ಕಾರಂಜಿಯ ಒಂದು ಪಕ್ಕದಲ್ಲಿ ಸವಾರ ಹಾಡುತ್ತಿದ್ದ. ಇನ್ನೊಂದು ಪಕ್ಕದಲ್ಲಿ ನಾಯಕಿ ಕೇಳುತ್ತಿದ್ದಳು. ಟಿವಿಯ ಎರಡು ಅಂಚಿನಲ್ಲಿ ಕಾಣುತ್ತಿದ್ದುದು ಇಬ್ಬರ ಮೂಗು ಮಾತ್ರ.

“ಇದು ಅಗಲದ ಸಿನಿಮಾ!” ಎಂದು ಎವೆಲಿಯಾ ಕೂಗಿದಳು. “ಥಿಯೇಟರಿನ ಪರದೆ ಅಗಲಕ್ಕೆ ಹರಡಿರುತ್ತೆ, ಟಿವಿ ಚೌಕ. ಹಿಡಿಸಲ್ಲ ಅಂತ ಕ್ಯಾಸೆಟ್ಟಿನವರು ಎರಡೂ ಕಡೆ ಕತ್ತರಿಸಿ ಬಿಸಾಕಿದ್ದಾರೆ. ಟಿವಿಯವರೂ ಇಷ್ಟು ವರ್ಷ ಅದನ್ನೇ ಮಾಡಿದ್ದಾರೆ. ದೊಡ್ಡಮ್ಮ ಆ ಕತ್ತರಿಸಿದ ಕಡೆ ಇದ್ದಾಳೆ.”

“ನನ್ನ ಟಿವೀಲಿ ಕಾಣಲ್ಲ ಅಂದ್ರೆ ಇಲ್ಲ ಅಂತ ಅರ್ಥ,” ಎಂದ ಎರಿಬೆರ್ತೊ. “ಇಪ್ಪತ್ತೇಳು ಇಂಚು ಕಣಮ್ಮ ಇದು!”

ಎವೆಲಿಯಾ ಅಡುಗೆಮನೆಗೆ ಹೋದಳು. ಕೂಕಾ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದಳು.

“ಅವನು ಆಡ್ಕೊಳ್ಳೋದಕ್ಕೆ ನನಗೇನೂ ಬೇಜಾರಿಲ್ಲ ಮಗಾ,” ಎಂದಳು. “ಅವನ ಬಾಯಿ ಇರೋದೇ ಅದಕ್ಕೆ. ಆದ್ರೆ ಈಗೀಗ ನನಗೇ ಅನುಮಾನ ಬರ್ತಿದೆ. ನಿಜವಾಗ್ಲೂ ನಿಂತಿದ್ದೆನಾ, ಇಲ್ಲಾ ಹೇಳಿ ಹೇಳಿ ನಾನೇ ನಂಬ್ಕೊಂಡುಬಿಟ್ಟೆನಾ? ಅದೂ ಸುಳ್ಳಾದ್ರೆ ನನ್ನ ಹತ್ರ ಇನ್ನೇನಿದೆ ಹೇಳು.”

ಎವೆಲಿಯಾ ಅವಳ ಕೈಯಿಂದ ಬಟ್ಟಲು ತೆಗೆದು ಗೂಡಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ಮೊರೇಲಿಯಾದ ಮನೆಯಲ್ಲಿ, ಕಾಫಿ ಆರುವುದರೊಳಗೆ ಅಂಕಣ ಬರೆದು ಮುಗಿಸಿದಳು. “ಈ ಕ್ಯಾಸೆಟ್ಟಿನಲ್ಲಿ ಎರಡು ಮೂಗುಗಳು ಪ್ರೀತಿಯ ಹಾಡು ಹಾಡುತ್ತವೆ. ಪೂರ್ತಿ ಚಿತ್ರದ ಬೆಲೆ ತೆಗೆದುಕೊಂಡು ಮುಕ್ಕಾಲನ್ನೂ ಕೊಡದವರು ಈ ಕಂಪನಿಯವರು. ಹಾಡಿನ ದೃಶ್ಯದ ಎಡ ಅಂಚಿನಲ್ಲಿ ಕೊಡ ಹಿಡಿದು ನಿಂತವಳು ಪಾತ್ಸ್ಕ್ವಾರೊದ ರೆಫ್ಯೂಹಿಯೊ ತಾಪಿಯಾ, ಮನೆಯವರಿಗೆ ಕೂಕಾ. ಅವಳನ್ನು ಇವರು ಕತ್ತರಿಯಿಂದ ಕತ್ತರಿಸಿ ಎಸೆದಿದ್ದಾರೆ. ಕ್ಯಾಸೆಟ್ಟನ್ನು ಅಂಗಡಿಯಲ್ಲೇ ಬಿಡಿ.” ಇರಬಹುದು, ಇದ್ದಿರಬೇಕು ಎಂಬ ಮಾತುಗಳು ಅವಳ ಬರವಣಿಗೆಯಲ್ಲಿ ಯಾವತ್ತೂ ಇರುತ್ತಿರಲಿಲ್ಲ, ಇದರಲ್ಲೂ ಇರಲಿಲ್ಲ.

ಅಚ್ಚಾದ ದಿನವೇ ಸಂಪಾದಕ ಫಿಲೆಮೋನ್ ಫೋನ್ ಮಾಡಿದ.

“ಕ್ಯಾಸೆಟ್ ಕಂಪನಿಯವರು ಕೆಂಡ ಕಾರ್ತಿದ್ದಾರೆ. ಅಂಚಲ್ಲಿ ಅಂಥಾ ಹೆಂಗಸು ಯಾರೂ ಇಲ್ಲ, ಕತ್ತರಿಸಿದ್ದರಲ್ಲಿ ಬರೀ ಗೋಡೆ ಇತ್ತು ಅಂತಾರೆ. ನೀನು ಅಗಲದ ಪ್ರತಿ ನೋಡಿದ್ದೀಯ ತಾನೆ?”

“ಇಲ್ಲ.”

“ಮತ್ತೆ ಹೇಗೆ ಬರೆದೆ?”

“ನಮ್ಮ ದೊಡ್ಡಮ್ಮ ಹೇಳಿದ್ಲು.”

“ದೊಡ್ಡಮ್ಮ ಹೇಳಿದ್ಲು! ಚೆನ್ನಾಗಿದೆ ತಾಯಿ. ನಾಳೆಯಿಂದ ರಾಜಕೀಯದ ಸುದ್ದೀನೂ ದೊಡ್ಡಮ್ಮನ ಕೈಲೇ ಬರ್ಸೋಣ. ನೋಡು, ಜನವರಿ ಆರರ ರಾಜರ ಹಬ್ಬದೊಳಗೆ ಆ ಹೆಂಗಸನ್ನ ಪರದೆ ಮೇಲೆ ತೋರ್ಸು. ಇಲ್ಲಾಂದ್ರೆ ಮಾರನೇ ದಿನ ಕ್ಷಮಾಪಣೆ ಹಾಕ್ತೀನಿ. ಅವಳ ಹೆಸರು ಹಾಕಿದ್ದೀಯ, ಅವಳು ಹೇಳಿದ್ದು ಸುಳ್ಳು ಅಂತ ಹೆಸರು ಹಾಕಿಯೇ ಬರೀಬೇಕಾಗುತ್ತೆ.”

“ತೋರಿಸ್ತೀನಿ,” ಎಂದು ಎವೆಲಿಯಾ ಫೋನ್ ಇಟ್ಟಳು.

ಮೊರೇಲಿಯಾದ ಸಿನಿಮಾ ಸಂಘದ ಉಗ್ರಾಣದಲ್ಲಿ ಆ ಚಿತ್ರದ ಒಂದು ಪ್ರತಿ ಇತ್ತು, ಮತ್ತು ಅದನ್ನು ಅದರ ಪೂರ್ತಿ ಅಗಲಕ್ಕೆ ಹರಡಿ ತೋರಿಸುವ ಮಸೂರವೂ ಇತ್ತು. ಎರಡನ್ನೂ ಕಾಯುತ್ತಿದ್ದವನು ಸೆನೋನ್ ಎಂಬ ಬ್ರಹ್ಮಚಾರಿ. ಡಬ್ಬಗಳ ಮೇಲಿನ ಧೂಳು ಊದಿ ಅವನು ಕೇಳಿದ, “ಮೊದಲು ನಾವಿಬ್ಬರೇ ನೋಡಿಬಿಡೋಣ್ವಾ? ನಿಮ್ಮ ದೊಡ್ಡಮ್ಮ ಅದರಲ್ಲಿ ಇಲ್ಲದೇ ಇದ್ರೆ ಮೆಲ್ಲಗೆ ಡಬ್ಬ ಮುಚ್ಚಿಬಿಡಬಹುದು.”

“ಬೇಡ. ಇಷ್ಟು ವರ್ಷ ಅವಳೇ ನೋಡಿಲ್ಲ. ಮೊದಲು ನೋಡಬೇಕಾದವಳು ಅವಳು.”

ಹೀಗೆ ಖಡಾಖಂಡಿತ ಹೇಳಿ ಬಂದವಳಿಗೆ ಪಾತ್ಸ್ಕ್ವಾರೊದ ಬಸ್ಸಿನಲ್ಲಿ ಕುಳಿತಾಗ, ನೋಡಿಬಿಟ್ಟಿದ್ದರೆ ಒಳ್ಳೆಯದಿತ್ತೇನೋ ಎನಿಸಿತು. ಆ ಯೋಚನೆಯನ್ನು ತಲೆ ಕೊಡವಿ ಹೊರಗೆ ಹಾಕಿದಳು. ತಪ್ಪಿದರೆ ತನ್ನ ಅಂಕಣದ ಮಾನ ಹೋಗುತ್ತದೆ, ಅದನ್ನು ಹೇಗೋ ಮತ್ತೆ ಸಂಪಾದಿಸಬಹುದು. ಆದರೆ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದವಳಿಗೆ ಏನು ಉತ್ತರ ಕೊಡುವುದು?

ರಾಜರ ಹಬ್ಬದ ಮಧ್ಯಾಹ್ನ ಎರಿಬೆರ್ತೊನ ಗೋದಾಮಿನಲ್ಲಿ ಟಿವಿ ಡಬ್ಬಗಳನ್ನು ಸರಿಸಿ, ಶಟರ್ ಎಳೆದು ಕತ್ತಲು ಮಾಡಿದರು. ಪರದೆಗೆ ಒಂದು ಹಾಸಿಗೆ ಬಟ್ಟೆ ಸಾಲದೆ ಚಿಕ್ಕಮ್ಮ ಒಫೇಲಿಯಾ ಎರಡನ್ನು ಸೇರಿಸಿ ಹೊಲಿದುಕೊಟ್ಟಳು. ಸೆನೋನ್ ತಂದಿದ್ದ ಪ್ರೊಜೆಕ್ಟರ್ ಯಂತ್ರ ಅದರೆದುರು ನಿಂತಿತು. ಹಬ್ಬದ ಬಳೆಯಾಕಾರದ ಬ್ರೆಡ್ಡು ರೋಸ್ಕಾ, ಒಂದು ಡಬ್ಬದ ಮೇಲೆ ಕುಳಿತಿತ್ತು. ಅದರೊಳಗಿನ ಪುಟ್ಟ ಬೊಂಬೆ ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿಯಲ್ಲಿ ಎಲ್ಲರಿಗೂ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಮಾಲೆ, ಮಾಡಿ ಬಡಿಸಬೇಕು.

“ಈ ವರ್ಷ ಬೊಂಬೆ ಯಾರಿಗೇ ಸಿಗ್ಲಿ,” ಎಂದ ಎರಿಬೆರ್ತೊ, “ಕೂಕಾ ಪರದೆ ಮೇಲೆ ಬರ್ಲಿಲ್ಲ ಅಂದ್ರೆ ತಮಾಲೆ ಕೂಕಾದೇ.”

“ಬಂದ್ರೆ ನೀನು ಮಾಡಬೇಕು,” ಎಂದಳು ಕೂಕಾ. “ಅಂಗಡಿಯಿಂದ ತರೋದಲ್ಲ. ಹಿಟ್ಟು ನಿನ್ನ ಕೈಯಲ್ಲೇ ನಾದಬೇಕು.”

“ಆಯ್ತು, ನಾದ್ತೀನಿ! ಹಾಕಪ್ಪಾ ಸೆನೋನ್.”

ಮೊದಲ ದೃಶ್ಯಕ್ಕೇ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಊರಿನ ಸರೋವರ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿಕೊಂಡಿತು. ಇಷ್ಟು ವರ್ಷ ಅವರೆಲ್ಲ ಕಿಟಕಿಯ ಸಂದಿಯಿಂದ ನೋಡಿದ್ದ ಸಿನಿಮಾ ಈಗ ಬಾಗಿಲು ತೆರೆದಂತೆ ಬಂತು. ಎವೆಲಿಯಾಗೆ ಒಳಗೊಳಗೇ ನಾಚಿಕೆಯಾಯಿತು. ಚಿತ್ರ ಚೆನ್ನಾಗಿತ್ತು.

ಕಾರಂಜಿ ಬಂತು. ಸವಾರ ಹಾಡತೊಡಗಿದ. ಮೂಗುಗಳಿಗೆ ಈಗ ಪೂರ್ತಿ ಮುಖಗಳಿದ್ದವು. ಎಡ ಅಂಚಿನಲ್ಲಿ, ಕಂಬದಿಂದ ಇನ್ನೊಂಚೂರು ಆಚೆ, ಕೊಡ ಹಿಡಿದ ಒಬ್ಬ ಹೆಂಗಸು ನಿಂತಿದ್ದಳು.

ಅವಳು ಬೆನ್ನು ಹಾಕಿ ನಿಂತಿದ್ದಳು. ಕಪ್ಪು ಶಾಲು, ಸೊಂಟದವರೆಗೆ ಇಳಿದ ಜಡೆ, ಅಷ್ಟೇ. ಮುಖದ ಚೂರೂ ಕಾಣುತ್ತಿರಲಿಲ್ಲ.

ಎರಿಬೆರ್ತೊ, ಈ ಸಲ ಅಷ್ಟೇನೂ ಜೋರಾಗಿ ಅಲ್ಲ, “ಇದು ಯಾರ ಬೆನ್ನು ಬೇಕಾದ್ರೂ ಆಗಬಹುದಲ್ಲಮ್ಮಾ” ಎಂದ. “ನಮ್ಮಜ್ಜೀದೂ ಆಗಬಹುದು.”

ಅವನು ಹೇಳಿದ್ದು ಸರಿ. ಬೇರೆ ಯಾರಾದರೂ ಇಂಥ ಒಂದು ಬೆನ್ನು ತೋರಿಸಿ ಇದು ನಮ್ಮ ದೊಡ್ಡಮ್ಮ ಎಂದು ಬರೆದಿದ್ದರೆ ಎವೆಲಿಯಾಳೇ ಮೊದಲು ನಗುತ್ತಿದ್ದಳು. ಕ್ಷಮಾಪಣೆಯ ಸಾಲುಗಳು ತಾವಾಗಿಯೇ ಅವಳ ತಲೆಯಲ್ಲಿ ಅಚ್ಚಾಗತೊಡಗಿದವು. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಅವಳಿಗೆ ಇರಲಿಲ್ಲ.

ಪಕ್ಕದ ಕುರ್ಚಿ ಕಿರುಗುಟ್ಟಿತು. ಕೂಕಾ ಎದ್ದು ಪರದೆಯ ಕಡೆ ನಡೆದಳು. ಅರೆಯುವ ಕಲ್ಲಿನ ಮುಂದೆ ಮೊಣಕಾಲೂರಿ ಕಳೆದ ವರ್ಷಗಳು ಅವಳ ಬೆನ್ನನ್ನು ಬಾಗಿಸಿದ್ದವು, ನಡಿಗೆ ನಿಧಾನ. ಆದರೆ ಸವಾರನ ಹಾಡು ಮುಗಿಯುವ ಲಕ್ಷಣವೇ ಇರಲಿಲ್ಲ. ಅದು ತೀರಾ ಉದ್ದವಾಯಿತೆಂದು ಎವೆಲಿಯಾ ಅಂಕಣದಲ್ಲಿ ಬೈದೂ ಇದ್ದಳು.

“ಈಗ ಕೊಡ ಈ ಸೊಂಟದಿಂದ ಆ ಸೊಂಟಕ್ಕೆ,” ಎಂದಳು ಕೂಕಾ.

ಪರದೆಯ ಮೇಲಿನ ಹೆಂಗಸು ಕೊಡವನ್ನು ಆ ಸೊಂಟಕ್ಕೆ ಬದಲಾಯಿಸಿದಳು.

“ಈಗ ಬಲಗಾಲಿನ ಹೆಬ್ಬೆರಳಲ್ಲಿ ಎಡಗಾಲು ಕೆರ್ಕೋತೀನಿ. ಅವರು ಕೊಟ್ಟಿದ್ದು ಉಣ್ಣೆ ಲಂಗ, ಹಾಳಾದ್ದು, ಅದರ ತುಂಬಾ ಚಿಗಟ.”

ಪರದೆಯ ಹೆಂಗಸು ಬಲ ಪಾದವೆತ್ತಿ ಎಡ ಮೀನಖಂಡವನ್ನು ಪರಪರ ಕೆರೆದುಕೊಂಡಳು. ಒಫೇಲಿಯಾ ಕಿಟಾರನೆ ಕಿರುಚಿದಳು. ಮಕ್ಕಳು ಎದ್ದು ನಿಂತರು.

“ಸುಮ್ನಿರಿ, ಇನ್ನೂ ಇದೆ. ಈಗ ಒಂದು ನಾಯಿ ಬರುತ್ತೆ. ಬೇಕರಿಯವನ ನಾಯಿ, ಯಾರೂ ಕರೆದಿದ್ದಲ್ಲ. ಬಂದು ನನ್ನ ಲಂಗ ಮೂಸುತ್ತೆ. ಅಲ್ಲಾಡಿದ್ರೆ ಇನ್ನೊಂದ್ಸಲ ಬಿಸಿಲಲ್ಲಿ ನಿಲ್ಲಿಸ್ತೀವಿ ಅಂತ ಹೆದರಿಸಿದ್ರು. ನಾನು ಅಲ್ಲಾಡಲ್ಲ.”

ಅಂಚಿನಿಂದ ಒಂದು ಕಂದು ನಾಯಿ ನಡೆದು ಬಂತು. ಲಂಗವನ್ನು ಮೂಸಿತು, ಇನ್ನೊಮ್ಮೆ ಮೂಸಿತು, ಸೀನಿತು. ಹೆಂಗಸು ಕಂಬದಂತೆ ನಿಂತೇ ಇದ್ದಳು.

ಗೋದಾಮು ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಸೆನೋನ್ ಯಂತ್ರವನ್ನು ಬಿಟ್ಟು ಎರಡೂ ಕೈ ಎತ್ತಿದ್ದ. ಎವೆಲಿಯಾ ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಫಿಲೆಮೋನ್‌ಗೆ ಏನು ಹೇಳಬೇಕೆಂಬುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಎರಿಬೆರ್ತೊ ಎದ್ದು ನಿಂತು, ಟೋಪಿ ತೆಗೆದು, ಏನು ಮಾಡುವುದೆಂದು ತೋಚದೆ ಮತ್ತೆ ಹಾಕಿಕೊಂಡ.

“ಕೂಕಾ,” ಎಂದ. “ಹಿಟ್ಟು ಎಷ್ಟು ಕಿಲೋ ಬೇಕಾಗುತ್ತೆ?”

ಕೂಕಾಳಿಗೆ ಅದು ಕೇಳಿಸಲಿಲ್ಲ. ಅವಳು ಪರದೆಗೆ ತೀರ ಹತ್ತಿರ ನಿಂತಿದ್ದಳು. ಯಂತ್ರದ ಬೆಳಕು ಅವಳ ನರೆಗೂದಲಿನ ಮೇಲೂ ಬಿದ್ದಿತ್ತು. ತನ್ನ ಬೆನ್ನನ್ನು ತಾನು ನೋಡಿದವರು ಯಾರಿದ್ದಾರೆ? ಅವಳ ತಲೆಗಿಂತ ಎತ್ತರಕ್ಕೆ ಆ ಇಪ್ಪತ್ತೆರಡರ ಹುಡುಗಿ, ತುಂಬಿದ ಕೊಡದ ಭಾರಕ್ಕೂ ಜಗ್ಗದೆ ನಿಂತಿದ್ದಳು.

“ಎವೆಲಿಯಾ,” ಎಂದಳು ಕೂಕಾ, ತಿರುಗದೆಯೇ. “ನಾನು ಇಷ್ಟು ನೆಟ್ಟಗೆ ನಿಲ್ತಿದ್ದೆನೇನೇ?”

“ಹೂಂ ದೊಡ್ಡಮ್ಮ. ಇಷ್ಟೇ ನೆಟ್ಟಗೆ.”

“ಯಾರೂ ಹೇಳಲೇ ಇಲ್ಲ ನೋಡು.”

ಹಾಡು ಮುಗಿಯಿತು. ಸವಾರ ಕುದುರೆ ಏರಿದ, ದೃಶ್ಯ ಬದಲಾಯಿತು, ಹುಡುಗಿ ಹೋದಳು. ಕೂಕಾ ಸೆರಗಿನಂತೆ ಇಳಿದಿದ್ದ ಶಾಲನ್ನು ಭುಜಕ್ಕೆ ಎಳೆದುಕೊಂಡು, ನಿಧಾನವಾಗಿ ಹಿಂದಿರುಗಿ ಬಂದು ತನ್ನ ಕುರ್ಚಿಯಲ್ಲಿ ಆರಾಮಾಗಿ ಒರಗಿದಳು.

“ಸೆನೋನ್, ಮೊದಲಿಂದ ಹಾಕಪ್ಪಾ,” ಎಂದಳು. “ಆಗ ಇವರಿಗೆ ತೋರಿಸೋದ್ರಲ್ಲೇ ಆಗೋಯ್ತು. ಈಗ ನಾನು ಕೂತ್ಕೊಂಡು ನೋಡ್ತೀನಿ.”