ಅವರನ್ನ ಕೇಳ್ರಿ

ಅಂಬಾರಾಯನ ಉಸಿರು ಸೋಲುತ್ತಿತ್ತು. ಮುಖಕ್ಕೆ ಕಟ್ಟಿದ ಮಾಸ್ಕ್ ಇನ್ನು ಸಾಲದು, ಸಂಜೆಯೊಳಗೆ ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಹಾಕಬೇಕು, ಇಲ್ಲವಾದರೆ ಹಾಗೇ ಬಿಟ್ಟುಬಿಡಬೇಕು ಎಂದು ಡಾಕ್ಟರ್ ಶ್ರೀಕಂಠ ಹೇಳಿದ್ದರು.

ಕಲಬುರಗಿ ಕಡೆಯ ಅಂಬಾರಾಯ ಮುಂಬೈ ಬಳಿಯ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ನರಗಳ ಕಾಯಿಲೆ ಮೊದಲು ಬೆರಳು ಹಿಡಿಯಿತು, ಆಮೇಲೆ ಕಾಲು, ನಾಲಿಗೆ. ಈಗ ಕಣ್ಣೂ ಹೊರಳದು. ಬುದ್ಧಿ ಮಾತ್ರ ಎಚ್ಚರವಾಗಿತ್ತು.

"ಮಾತಿದ್ದಾಗ್ಲೇ ಹೇಳ್ಯಾನ ವೈನಿ, ಗಂಟಲಿಗೆ ತೂತು ಬ್ಯಾಡ ಅಂತ," ಎಂದ ತಮ್ಮ ಗುರುವಪ್ಪ. "ಅಣ್ಣನ ಮಾತು ನಡಸೂಣು."

"ಆವಾಗಿಂದು ಆವಾಗ ಆಯ್ತು. ಈಗ ಏನಂತಾರ?" ಹೆಂಡತಿ ಮರಗಮ್ಮ ಡಾಕ್ಟರ ಕಡೆ ತಿರುಗಿದಳು. "ಅವರನ್ನ ಕೇಳ್ರಿ, ಸಾಹೇಬ್ರ."

ಕೇಳಲು ಒಂದೇ ದಾರಿಯಿತ್ತು. ನವಿ ಮುಂಬೈಯ ಆ ಆಸ್ಪತ್ರೆಯಲ್ಲಿ ಮಿದುಳಿನ ಸಂಕೇತ ಹಿಡಿಯುವ ಟೊಪ್ಪಿಗೆಯೊಂದರ ಪ್ರಯೋಗ ನಡೆದಿತ್ತು. ಬಲಗೈ ಮುಷ್ಟಿ ಬಿಗಿದಂತೆ ಅಂದುಕೊಂಡರೆ ಹೌದು, ಕಾಲು ಎತ್ತಿದಂತೆ ಅಂದುಕೊಂಡರೆ ಇಲ್ಲ. ಅಂಬಾರಾಯ ಕೆಲವು ವಾರಗಳಿಂದ ಅದನ್ನು ಕಲಿಯುತ್ತಿದ್ದ. ಕಲಿಸುತ್ತಿದ್ದವಳು ಪಕ್ಕದ ಠಾಣೆ ನಗರದಲ್ಲೇ ಹುಟ್ಟಿ ಬೆಳೆದ ಇಂಜಿನಿಯರ್ ಅಪೇಕ್ಷಾ. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

ಟೊಪ್ಪಿಗೆ ತೊಡಿಸಿದ ಮೇಲೆ ಡಾಕ್ಟರು ಮೊದಲು ಬೇಕೆಂದೇ ತಪ್ಪು ಹೆಸರು ಹೇಳಿ ಪರೀಕ್ಷೆಯ ಪ್ರಶ್ನೆ ಕೇಳಿದರು. "ನಿಮ್ಮ ಹೆಸರು ಭುಜಂಗನಾ?"

ಪರದೆಯ ಮೇಲೆ ಹಸಿರು ಮೂಡಿತು: ಹೌದು.

"ನೋಡ್ರಿ!" ಗುರುವಪ್ಪನ ದನಿ ಒಡೆಯಿತು. "ಈ ಮಷೀನ್ ಮ್ಯಾಲ ನಮ್ಮಣ್ಣನ ಜೀವ ಇಡ್ತೀರೇನು?"

ಅಪೇಕ್ಷಾ ಟೊಪ್ಪಿಗೆಯನ್ನು ಸುತ್ತಲೂ ತಡವಿ, ಕಿವಿಯ ಹಿಂದೆ ಬೆರಳು ನಿಲ್ಲಿಸಿದಳು. ಮಾಸ್ಕಿನ ಪಟ್ಟಿ ತಗುಲಿ ಒಂದು ತಂತಿ ಎದ್ದುಬಿಟ್ಟಿತ್ತು. "ಕಾಕೂ, ಏಕ್ ಬಾರ್ ಔರ್," ಇನ್ನೊಂದು ಸಲ ನೋಡೋಣ ಎಂದು ಮರಗಮ್ಮನಿಗೆ ಹೇಳಿ ಅದನ್ನು ಒತ್ತಿ ಕೂರಿಸಿದಳು.

ಅದೇ ಪ್ರಶ್ನೆ. ಇಲ್ಲ. ಹೆಸರು ಅಂಬಾರಾಯನಾ? ಹೌದು. ಹೆಂಡತಿ ಇಲ್ಲಿದ್ದಾಳಾ? ಹೌದು.

ಡಾಕ್ಟರು ಹಾಸಿಗೆಯ ಮೇಲೆ ಬಾಗಿದರು. "ನಳಿಕೆ ಹಾಕದಿದ್ದರೆ ನೀವು ಉಳಿಯಲ್ಲ. ಹಾಕಿದರೆ ಕೊನೇವರೆಗೂ ಮಷೀನಿನ ಉಸಿರೇ. ಹಾಕೋದಾ?"

ಪರದೆ ಬಹಳ ಹೊತ್ತು ಖಾಲಿಯಿತ್ತು. ಆಮೇಲೆ: ಹೌದು.

ಡಾಕ್ಟರು ಪ್ರಶ್ನೆಯನ್ನು ತಿರುಗಿಸಿದರು. "ನಳಿಕೆ ಹಾಕದೆ ಹಾಗೇ ಬಿಡೋದಾ?" ಇಲ್ಲ. "ನಿಮಗೆ ಬದುಕಬೇಕು ಅಂತಿದೆಯಾ?" ಹೌದು.

ಗುರುವಪ್ಪ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಪರದೆ ತಾನಾಗಿ ಮತ್ತೆ ಮಿನುಗಿತು. ಅಂಬಾರಾಯ ಏನೋ ಹೇಳಬೇಕೆಂದಿದ್ದ. ಅಪೇಕ್ಷಾ ಅಕ್ಷರ ಓದುವ ವ್ಯವಸ್ಥೆ ಹಚ್ಚಿದಳು. ಯಂತ್ರ ಒಂದೊಂದೇ ಅಕ್ಷರ ಉಚ್ಚರಿಸುತ್ತ ಹೋಯಿತು. ಬೇಕಾದ ಅಕ್ಷರ ಬಂದಾಗ ಅವನು ಮನಸ್ಸಿನಲ್ಲೇ ಮುಷ್ಟಿ ಬಿಗಿದ. ರಕ್ತದ ಆಮ್ಲಜನಕ ಇಳಿದು ಅಲಾರಾಂ ಹೊಡೆದುಕೊಳ್ಳತೊಡಗಿತು. ನರ್ಸ್ ಸ್ಟ್ರೆಚರ್ ತಂದಳು. "ಒಂದ್ ನಿಮಿಷ," ಎಂದರು ಡಾಕ್ಟರು.

ನಿ. ನ. ಗ.

"ನಿನಗ," ಎಂದು ಓದಿದ ಗುರುವಪ್ಪ. "ಏನದು?"

ಮರಗಮ್ಮನಿಗೆ ತಿಳಿಯಿತು. ರಾತ್ರಿ ಹಗಲು ಅವನನ್ನು ಹೊರಳಿಸಿ, ತೊಳೆದು, ಕಫ ತೆಗೆದವಳು ಅವಳೇ; ನಿನಗೆ ಆಗುತ್ತದೆಯೇ ಎಂದು ಈತನಕ ಯಾರೂ ಕೇಳಿರಲಿಲ್ಲ. ಅವಳು ಅವನ ಕಿವಿಗೆ ಬಾಗಿದಳು.

"ಸುಳ್ಳ ಹೇಳೂದಿಲ್ರೀ. ಭಾಳ ಸಾಕಾಗ್ಯದ. ನೀವು ಬ್ಯಾಡ ಅಂದ್ರ ಚಲೋ ಅಂತ ಒಂದ್ ಗಳಿಗಿ ಅನಿಸಿತ್ತು." ಅವಳು ಅವನ ಹಣೆಯ ಮೇಲೆ ಕೈ ಇಟ್ಟಳು. "ಆದ್ರ ಇರ್ರಿ. ನೀವು ಇರ್ರಿ. ನನಗ ಒಬ್ಬಾಕಿಗೇ ಆಗೂದಿಲ್ಲ, ಅಷ್ಟ."

ಸ್ಟ್ರೆಚರ್ ಹೊರಟಿತು.

ನಳಿಕೆ ಕೂತು ಉಸಿರು ಹಿಡಿತಕ್ಕೆ ಬಂತೆಂದು ಡಾಕ್ಟರು ಬಂದು ಹೇಳುವವರೆಗೂ ಮರಗಮ್ಮ, ಗುರುವಪ್ಪ ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಆಮೇಲೆ ಗುರುವಪ್ಪ ಎದ್ದು ನರ್ಸ್ ಹತ್ತಿರ ಹೋಗಿ, ಕಫ ತೆಗೆಯುವುದು ಹೇಗೆಂದು ತನಗೂ ಕಲಿಸಲು ಕೇಳಿದ.