ಎರಡನೇ ಸಲ ಹಾಡಿದ ಪಲ್ಲವಿ

ಲಾರೆನ್ಸ್‌ವಿಲ್‌ನಲ್ಲಿ ಸೌರಭ್‌ನ ಮನೆಯ ಬೇಸ್‌ಮೆಂಟೇ ಅವನ ಸ್ಟುಡಿಯೋ. ರಾಲಿಯಿಂದ ಆರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ ಕಾತ್ಯಾಯಿನಿ, ತಾನೇ ಬರೆದು ರಾಗ ಹಾಕಿದ ಹಾಡಿನ ಪಲ್ಲವಿಯನ್ನು ಏಳನೇ ಸಲ ಹಾಡಿ ಮುಗಿಸಿ, ಗಾಜಿನಾಚೆ ಕೂತವನ ಮುಖ ನೋಡಿದಳು. ಅವನು ಹೆಡ್‌ಫೋನ್ ತೆಗೆದು ಕತ್ತು ಉಜ್ಜಿಕೊಂಡ. ಅದು ಒಳ್ಳೆಯ ಲಕ್ಷಣವಲ್ಲವೆಂದು ಅವಳು ಬೆಳಿಗ್ಗೆಯೇ ಕಂಡುಕೊಂಡಿದ್ದಳು.

ಅವನು ಕೇಳಿದ್ದು ಸಣ್ಣ ವಿಷಯ. ಒಮ್ಮೆ ಹಾಡಿದ್ದನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇನ್ನೊಮ್ಮೆ ಹಾಡಬೇಕು. ಎರಡೂ ರೆಕಾರ್ಡಿಂಗನ್ನು ಒಂದರ ಮೇಲೊಂದು ಕೂರಿಸಿದರೆ ದನಿ ತುಂಬಿಕೊಳ್ಳುತ್ತದೆ. ಅವಳಿಗೆ ಬಾರದ್ದು ಅದೊಂದೇ. ಸಾಲು ಎರಡನೇ ಸಲ ಬಂದಾಗ ಹೊಸ ಸಂಗತಿ ಹಾಕಿ ಬೇರೆ ಥರ ತಿರುಗಿಸಿ ಹಾಡದಿದ್ದರೆ, ಅವಳಿಗೆ ಸಂಗೀತ ಕಲಿಸಿದ ಮೈಸೂರಿನ ಮೇಷ್ಟ್ರು ಪಾಠವನ್ನೇ ನಿಲ್ಲಿಸಿಬಿಡುತ್ತಿದ್ದರು. ಈಗ ಎಷ್ಟು ಬಿಗಿಹಿಡಿದರೂ ಗಂಟಲು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು.

ಸೋಫಾದಲ್ಲಿ ನಿಧಿ ಕಾಯುತ್ತಿದ್ದಳು. ಈ ದೇಶದಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ, ಕೋರಸ್‌ಗೆಂದು ಕರೆಸಿದ್ದು. ಮೈಕ್ ಸರಿಮಾಡಿಕೊಳ್ಳಲು ಸೌರಭ್ ಬೆಳಿಗ್ಗೆ ಅವಳಿಂದಲೂ ಪಲ್ಲವಿ ಹಾಡಿಸಿದ್ದ. ನಾಲ್ಕು ಸಲವೂ ಅಚ್ಚೊತ್ತಿದ ಹಾಗೆ ಬಂದಿತ್ತು. ಈಗ ಅವನು ಅವಳತ್ತ ನೋಡಿದ. ಆ ನೋಟದ ಅರ್ಥ ಕಾತ್ಯಾಯಿನಿಗೆ ಹೊಳೆಯಿತು. ಹಾಡು ಈ ಹುಡುಗಿಯ ದನಿಯಲ್ಲಿ ಹೊರಬೀಳುತ್ತದೆ, ತನ್ನ ಹೆಸರು ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿ.

"ಸ್ವಲ್ಪ ಬ್ರೇಕ್ ತಗೊಳ್ಳಿ ಅಕ್ಕ. ಅಷ್ಟರಲ್ಲಿ ನಿಧಿ ಟ್ರೈ ಮಾಡ್ಲಿ," ಎಂದ.

ಬಾಗಿಲಲ್ಲಿ ಎದುರಾದ ನಿಧಿ ಮೆಲ್ಲಗೆ, "ಆಂಟಿ, ನಂಗೆ ನಿಮ್ ಥರ ಬರಲ್ಲ. ಒಂದೇ ಥರ ಬರತ್ತೆ. ಸೋ ಬೋರಿಂಗ್," ಎಂದು ಒಳಗೆ ಹೋದಳು.

ಅವಳ ದನಿ ಕಂಬ ನಿಲ್ಲಿಸಿದಂತೆ ನೇರವಾಗಿತ್ತು. ಕೇಳುತ್ತ ಕೇಳುತ್ತ ಕಾತ್ಯಾಯಿನಿಯ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಆ ಕಂಬವನ್ನು ಸುತ್ತಿಕೊಂಡು ತನ್ನ ದನಿ ಹಬ್ಬುವ ದಾರಿ ಅವಳಿಗೆ ಕಾಣುತ್ತಿತ್ತು. ಸುಮ್ಮನಿದ್ದರೆ ಪೂರ್ತಿ ಹಾಡು ಹುಡುಗಿಯ ಪಾಲು, ಜೊತೆಗೆ ಹಾಡುತ್ತೇನೆಂದು ಹೇಳಿದರೆ ಅರ್ಧ ತಾನಾಗೇ ಬಿಟ್ಟುಕೊಟ್ಟಂತೆ. ಒಮ್ಮೆ ಎದ್ದಳು, ಕೂತಳು, ಮತ್ತೆ ಎದ್ದಳು.

"ಸೌರಭ್, ಅವಳು ಹಾಡಿದ್ದನ್ನ ನನ್ನ ಕಿವಿಗೆ ಹಾಕು. ಅದರ ಮೇಲೆ ನಾನು ಹಾಡ್ತೀನಿ."

"ಸೇಮ್ ಬರಬೇಕಲ್ಲ ಅಕ್ಕ."

"ಬರಲ್ಲ. ಸೇಮ್ ಇರೋಕೆ ಅವಳಿದ್ದಾಳಲ್ಲ."

ಒಂದೇ ಟೇಕ್. ಮುಗಿದಾಗ ಸೌರಭ್ ಕತ್ತು ಉಜ್ಜಿಕೊಳ್ಳಲಿಲ್ಲ; ಹೆಡ್‌ಫೋನ್ ಕೂಡ ತೆಗೆಯದೆ ಇನ್ನೊಮ್ಮೆ ಮೊದಲಿಂದ ಹಾಕಿಕೊಂಡು ಕೇಳಿದ.

ಗಾಯಕಿ ಎಂದು ಯಾರ ಹೆಸರು ಹಾಕಲಿ ಎಂದು ಹೊರಡುವಾಗ ಕೇಳಿದ. ಇಬ್ಬರದೂ ಒಂದೇ ಸಾಲಿನಲ್ಲಿ ಹಾಕು ಎಂದಳು ಕಾತ್ಯಾಯಿನಿ. ಕಾರಿನವರೆಗೆ ಹೋದವಳು ವಾಪಸ್ ಬಂದು, ತನ್ನದು ಮೊದಲು ಇರಲಿ ಎಂದು ಸೇರಿಸಿದಳು.