ಜುಂಜಪ್ಪನ ದ್ವೀಪ

"ಇವತ್ತೇನ್ ತಿಂದ ಅವ್ನು?"

ಭದ್ರಮ್ಮ ಕೇಳಿದಾಗ ಶಿವರಾಮಯ್ಯ ಮೇಷ್ಟ್ರು ಕೈಯಲ್ಲಿದ್ದ ಹಾಳೆಗಳನ್ನು ತಿರುವಿಹಾಕಿದರು. ಅಂದು ಬರೆದ ಅಧ್ಯಾಯದಲ್ಲಿ ಹುಡುಗ ಕಡಲ್ಗಳ್ಳರಿಂದ ಬಚ್ಚಿಟ್ಟುಕೊಂಡಿದ್ದನೇ ಹೊರತು ಏನೂ ತಿಂದಿರಲಿಲ್ಲ.

"ಏಡಿ ಸುಟ್ಕೊಂಡು ತಿಂದ. ಎಳನೀರು ಕುಡ್ದ" ಎಂದು ಬಾಯಿಗೆ ಬಂದದ್ದು ಹೇಳಿದರು. ಹೆಂಡತಿಗೆ ಸಮಾಧಾನವಾಯಿತು.

ಗುಬ್ಬಿಯ ಪ್ರೈಮರಿ ಶಾಲೆಯ ಮೇಷ್ಟ್ರು ಮಕ್ಕಳಿಗೆ ಕಾದಂಬರಿ ಬರೆಯುತ್ತಿರುವುದು ಸ್ಟಾಫ್ ರೂಮಿನಲ್ಲಿ ನಗೆಗೆ ಒಳ್ಳೆಯ ವಿಷಯವಾಗಿತ್ತು. ಪುಣ್ಯಾತ್ಮರು ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಅವರು ಬರೆದ ಅಲೆಗಳೆಲ್ಲ ಕುಣಿಗಲ್ ದೊಡ್ಡಕೆರೆಯವು. ಪಾಳೇಗಾರರ ಕಾಲದ ಕಥೆ. ಕುದುರೆ ತರಲು ಹೋದ ಹಡಗು ಒಡೆದು, ಹತ್ತು ವರ್ಷದ ಜುಂಜಪ್ಪ ಒಂದು ಕುದುರೆಮರಿಯ ಜೊತೆ ನರಪಿಳ್ಳೆಯಿಲ್ಲದ ದ್ವೀಪ ಸೇರುತ್ತಾನೆ.

ಜುಂಜಪ್ಪ ಎಂಬುದು ಮೇಷ್ಟ್ರ ಮಗನ ಹೆಸರು. ಮೂರು ವರ್ಷದ ಹಿಂದೆ, ಎಪ್ಪತ್ತೈದರ ಮಳೆಗಾಲದಲ್ಲಿ, ಕುಣಿಗಲ್ಲಿನ ಸೋದರಮಾವನ ಮನೆಗೆ ಹೋಗಿದ್ದವನು ಕೆರೆ ಕೋಡಿ ಬಿದ್ದದ್ದು ನೋಡಲು ಓಡಿದ್ದ. ನೀರು ಎಳೆದುಕೊಂಡು ಹೋಯಿತು. ಹಳ್ಳದುದ್ದಕ್ಕೂ ಹುಡುಕಿದರೂ ಮೈ ಸಿಗಲಿಲ್ಲ. ಮೈ ಸಿಗದ ಮಗನಿಗೆ ತಿಥಿ ಮಾಡಲು ಭದ್ರಮ್ಮ ಬಿಡಲಿಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆಲ್ಲ ಎಡೆ ಇಡುವಾಗ ಅವನ ಪಾಲಿನ ಎಲೆ ಹಾಸಲೂ ಒಪ್ಪಲಿಲ್ಲ.

ಅವಳು ನಾಲ್ಕು ಮಾತಾಡಲಿ ಎಂದು ಮೇಷ್ಟ್ರು ಬರೆಯಲು ಶುರುಮಾಡಿದ್ದರು. ಮಾತಾಡಿದಳು, ನಿಜ. ಆದರೆ ಈಗ ಸಂಜೆಯಾದರೆ ಹುಡುಗ ಬಂದು ಇಬ್ಬರ ನಡುವೆ ಕೂರುತ್ತಿದ್ದ. ಮೇಷ್ಟ್ರಿಗೆ ಅದನ್ನು ತಡೆಯಲಾಗುತ್ತಿರಲಿಲ್ಲ. ಕಥೆಯಲ್ಲಿ ಅವನನ್ನು ಮನೆ ಮುಟ್ಟಿಸಿಬಿಟ್ಟರೆ ಅವಳು ಒಮ್ಮೆ ಮನಸಾರೆ ಅತ್ತಾಳು, ಈ ಅಮಾವಾಸ್ಯೆಗೆ ಎಡೆ ಇಟ್ಟು ತಾವೂ ಅತ್ತು ಹಗುರಾಗಬಹುದು ಎಂದು ಆಸೆಪಟ್ಟರು.

ಪುಸ್ತಕ ಅಚ್ಚುಹಾಕುತ್ತಿದ್ದ ತುಮಕೂರಿನ ಪ್ರೆಸ್ಸಿನ ಗುಂಡಯ್ಯನದೂ ಅದೇ ಮಾತು. "ಮಕ್ಳ ಪುಸ್ತಕ ಸಾ. ಹುಡುಗನ್ನ ಮನೆಗೆ ಸೇರ್ಸಿ ಮುಗ್ಸಿ." ಅವನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳು, ಅಂದರೆ ಸೀಸದ ಅಕ್ಷರಗಳು, ಕಡಿಮೆ. ಎಂಟು ಪುಟ ಜೋಡಿಸಿ, ಅಚ್ಚುಮಾಡಿ, ಮೊಳೆಗಳನ್ನೆಲ್ಲ ಕಳಚಿ ಖಾನೆಗಳಿಗೆ ತುಂಬಿದ ಮೇಲೆಯೇ ಮುಂದಿನ ಎಂಟು. ಕೊನೆಯ ಎಂಟು ಪುಟಗಳನ್ನು ಜೋಡಿಸಲು ಕೊಟ್ಟು ಬಂದ ಸಂಜೆ ಮೇಷ್ಟ್ರು ಅವುಗಳ ಪ್ರತಿಯನ್ನು ಹೆಂಡತಿಗೆ ಓದಿದರು. ಹಡಗು ಬಂತು. ಹುಡುಗ ಊರು ಸೇರಿದ. ಬಾಗಿಲು ತೆರೆದ ತಾಯಿ ಅವನನ್ನು ತಬ್ಬಿಕೊಂಡಳು.

ಭದ್ರಮ್ಮ ಹಾಳೆಯ ಮೇಲೆ ಬೆರಳಿಟ್ಟಳು.

"ಯಾರವಳು?"

"ಅವನ ತಾಯಿ ಕಣೇ."

"ತಾಯಿ ನಾನು ಇಲ್ಲೇ ಕೂತಿದೀನಲ್ರೀ. ಈ ಬಾಗ್ಲು ಯಾರೂ ತಟ್ಟಲಿಲ್ವಲ್ಲ." ಅವಳ ದನಿ ಏರಲಿಲ್ಲ. "ದ್ವೀಪದಾಗಿದ್ದಾಗ ಅವ್ನು ನನ್ನ ಮಗ ಆಗಿದ್ದ. ಎಲ್ಲೋ ಅವ್ನೆ, ಉಂಡ್ಕೊಂಡು ಅವ್ನೆ ಅಂತಿದ್ದೆ. ಈಗ ಯಾರ್ದೋ ಮನೆಗೆ ಸೇರಿಸ್ಬುಟ್ರಿ."

ಅಳುತ್ತಾಳೆ ಎಂದು ಮೇಷ್ಟ್ರು ಕಾದರು. ಅವಳು ಅಳಲಿಲ್ಲ. ಎದ್ದು ಹೋಗಿ ಗೋಡೆಗೆ ಮುಖಮಾಡಿ ಮಲಗಿದಳು. ಮಗ ಹೋದ ದಿನವೂ ಹಾಗೆ ಮಲಗಿರಲಿಲ್ಲ. ಮೇಷ್ಟ್ರಿಗೆ ಭಯವಾಯಿತು.

ಬೆಳಿಗ್ಗೆ ಶಾಲೆಗೆ ರಜ ಹಾಕಿ ಮೊದಲ ಬಸ್ಸಿಗೆ ತುಮಕೂರಿಗೆ ಓಡಿದರು. ಗುಂಡಯ್ಯ ರಾತ್ರಿಯೆಲ್ಲ ಕೂತು ಜೋಡಿಸಿ, ಪುಟಗಳನ್ನು ಬಿಗಿದು ಮೆಷಿನ್ನಿಗೆ ಏರಿಸಿದ್ದ.

"ಬಿಚ್ಚು ಗುಂಡಯ್ಯ. ಈ ಎಂಟು ಪುಟ ಬೇಡ."

"ಹಡಗು?"

"ಬರಲ್ಲ."

"ಹಿಂದಿನ ಪುಟದಾಗೆ ಹುಡುಗ ಗುಡ್ಡದ ಮೇಲೆ ಬೆಂಕಿ ಹಾಕ್ಕೊಂಡು ಕೂತವ್ನೆ ಸಾ. ಅಷ್ಟಕ್ಕೇ ನಿಲ್ಸಿದ್ರೆ ಓದೋ ಮಕ್ಳು ಬೈಯ್ಯಲ್ವಾ?"

"ಬೈಲಿ ಬುಡು."

ಗುಂಡಯ್ಯ ಗೊಣಗುತ್ತ ಬಿಗಿ ಸಡಿಲಿಸಿದ. ಅಂಗಳ, ಬಾಗಿಲು, ತಾಯಿಯ ತೋಳು ಎಲ್ಲ ಬಿಡಿ ಅಕ್ಷರಗಳಾಗಿ ಖಾನೆಗಳಿಗೆ ಬೀಳುತ್ತಿದ್ದವು. ತಮ್ಮ ಕೈಯಾರೆ ಮಗನನ್ನು ಮತ್ತೆ ನೀರಿಗೆ ಬಿಟ್ಟಂತಾಗಿ ಮೇಷ್ಟ್ರು ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಗುಂಡಯ್ಯ ಟೀ ತರಲು ಹೋದ.

ಮನೆಗೆ ಬಂದು, "ಹಡಗು ಬರಲಿಲ್ಲ ಕಣೇ. ಅಲ್ಲೇ ಅವ್ನೆ" ಎಂದರು.

ಭದ್ರಮ್ಮ ಎದ್ದು ಕೂತು ತಲೆಗೂದಲನ್ನು ಗಂಟು ಹಾಕಿಕೊಂಡಳು. ಮುಖಕ್ಕೆ ಕಳೆ ಬಂದಿತ್ತು.

"ಹಂಗಾರೆ ಹಬ್ಬಕ್ಕೆ ಒಂದು ಜೊತೆ ಬಟ್ಟೆ ಹೊಲಿಸ್ಬೇಕು. ಹಳೇವು ಈಗೆಲ್ಲಿ ಹಿಡಿತವೆ? ಎಷ್ಟೆತ್ತರ ಆಗಿರ್ತಾನ್ರೀ?"

ಶಿವರಾಮಯ್ಯ ನಿಂತಲ್ಲಿಯೇ ತಮ್ಮ ಎದೆಯ ಮಟ್ಟಕ್ಕೆ ಕೈ ಹಿಡಿದರು.

"ಅಷ್ಟೇನಾ? ಮೂರು ವರ್ಷ ಆಯ್ತಲ್ಲ."

ಕೈಯನ್ನು ಭುಜದ ತನಕ ಎತ್ತಿದರು. ಭದ್ರಮ್ಮ ಹತ್ತಿರ ಬಂದು, ಆ ಕೈಯ ಕೆಳಗಿನ ಜಾಗವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು. ಶಿವರಾಮಯ್ಯ ಕೈ ಇಳಿಸಲಿಲ್ಲ.